‘ತೊಗರಿ’ ಎರಡು ತುಂಡಾಗಿತ್ತು: ಪೈಥಾನ್ ಸ್ಟ್ಯಾಂಡರ್ಡ್ ಲೈಬ್ರರಿ ಜೊತೆ ಎಂಟು ವರ್ಷ

ಕಲಬುರಗಿಯ ಧಾನ್ಯ ಮಾರುಕಟ್ಟೆ ನೆಹರು ಗಂಜ್‌ನ ಕೆಲವು ಅಡತ್ (ಕಮಿಷನ್ ಏಜೆಂಟರ) ಅಂಗಡಿಗಳಿಗೆ, ಎರಡು ದಾಲ್ ಮಿಲ್ಲುಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕೆಲಸ. ಚೀಲ ಎಷ್ಟು, ತೂಕ ಎಷ್ಟು, ಹಮಾಲಿ ಎಷ್ಟು, ರೈತನ ಕೈಗೆ ಎಷ್ಟು ಹೋಗಬೇಕು ಎಂಬುದೇ ಅದರ ತಿರುಳು. 2017ರಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 3.6 ಆವೃತ್ತಿ ಹಿಡಿದು ಶುರು ಮಾಡಿದವನು ಇವತ್ತಿಗೂ ಅದನ್ನು ಬಿಟ್ಟಿಲ್ಲ. ಈ ವಿಮರ್ಶೆ ಭಾಷೆಯ ಬಗ್ಗೆ ಅಲ್ಲ, ಅದರ ಜೊತೆಗೇ ಬರುವ ಸಿದ್ಧ ಕೋಡಿನ ಸಂಗ್ರಹ, ಅಂದರೆ ಸ್ಟ್ಯಾಂಡರ್ಡ್ ಲೈಬ್ರರಿಯ ಬಗ್ಗೆ. ಅದರಲ್ಲೂ ಅಲ್ಲಿ ತಪ್ಪು ಕಂಡರೆ ಏನಾಗುತ್ತದೆ ಎಂಬುದರ ಬಗ್ಗೆ.

ಮಿಲ್ಲಿನ ಕಂಪ್ಯೂಟರಿಗೆ ಇಂಟರ್ನೆಟ್ ಒಂದಿನ ಇದ್ದರೆ ಒಂದಿನ ಇಲ್ಲ. ಹೊರಗಿನ ಪ್ಯಾಕೇಜು ಒಂದೊಂದಾಗಿ ಇಳಿಸಿಕೊಂಡು ಕೂರುವ ಜಾಗ ಅದಲ್ಲ. ಹಾಗಾಗಿ ಸಿಎಸ್‌ವಿ, ಡೆಸಿಮಲ್, ಎಸ್‌ಕ್ಯೂಲೈಟ್, ಡೇಟ್‌ಟೈಮ್, ಆರ್‌ಇ ಈ ಐದು ಮಾಡ್ಯೂಲುಗಳ (ಲೈಬ್ರರಿಯ ಭಾಗಗಳ) ಮೇಲೇ ನನ್ನ ಅಂಗಡಿ ನಿಂತಿದೆ. ಪೆಟ್ಟಿಗೆ ಬಿಚ್ಚಿದ ಕೂಡಲೇ ಎಲ್ಲವೂ ಒಳಗೇ ಇರುವುದು ದೊಡ್ಡ ಅನುಕೂಲ, ಅದಕ್ಕೆ ಪೂರ್ತಿ ಅಂಕ ಕೊಡುತ್ತೇನೆ.

ಪೆಟ್ಟು ಬಿದ್ದದ್ದು ಒಂದು ಜನವರಿಯಲ್ಲಿ, ತೊಗರಿ ಆವಕ ಜೋರಾಗಿದ್ದಾಗ. ಪಟ್ಟಿಗಳಲ್ಲಿ ಹುಡುಕುವ ಸೌಲಭ್ಯ ಹೊಸದಾಗಿ ಸೇರಿಸಿದ್ದೆ. ಮುನೀಮರು ‘ತೊಗರಿ’ ಎಂದು ಟೈಪ್ ಮಾಡಿದರು, ಒಂದು ಸಾಲೂ ಬರಲಿಲ್ಲ. “ಯಾಕ್ರಿ ಸರ, ಗಂಜಿನಾಗ ಎಲ್ಲಿ ನೋಡಿದ್ರೂ ತೊಗರಿ ಅದ, ನಿಮ್ಮ ಕಂಪ್ಯೂಟರಿಗಿ ಸಿಗವಲ್ದಲ್ರಿ?” ಎಂದರು. ಅವರು ಬೇಸರದಿಂದ ಹೇಳಲಿಲ್ಲ, ಆದರೂ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಸಾಲನ್ನು ಪದಗಳಾಗಿ ಬಿಡಿಸಲು ನಾನು, ಪಠ್ಯದಲ್ಲಿ ಮಾದರಿಗಳನ್ನು ಹುಡುಕುವ ಆರ್‌ಇ ಮಾಡ್ಯೂಲಿನ ‘ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ’ ಗುರುತು ಬಳಸಿದ್ದೆ. ಪದದಲ್ಲಿ ಬರಬಹುದಾದ ಅಕ್ಷರ ಎಂದು ಅದರರ್ಥ. ‘ತೊಗರಿ’ ಕೊಟ್ಟರೆ ಅದು ವಾಪಸ್ ಕೊಟ್ಟದ್ದು ಎರಡು ತುಂಡು: ‘ತ’ ಮತ್ತು ‘ಗರ’. ‘ಕಲಬುರಗಿ’ ಕೊಟ್ಟರೆ ‘ಕಲಬ’ ಮತ್ತು ‘ರಗ’. ಕಾರಣ ಇಷ್ಟೇ. ಯೂನಿಕೋಡ್‌ನಲ್ಲಿ (ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ವ್ಯವಸ್ಥೆ ಅದು) ನಮ್ಮ ವ್ಯಂಜನಗಳನ್ನು ಅಕ್ಷರ ಎಂದು ವರ್ಗೀಕರಿಸಿದ್ದಾರೆ. ಒತ್ವ, ಗುಡಿಸು, ಕೊಂಬು, ವಿರಾಮ ಇವೆಲ್ಲ ‘ಮಾರ್ಕ್’ (ಚಿಹ್ನೆ) ಎಂಬ ಬೇರೆ ವರ್ಗದವು. ಪೈಥಾನಿನ ಈ ಗುರುತು ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಇಷ್ಟನ್ನು ಮಾತ್ರ ಒಪ್ಪುತ್ತದೆ. ಹಾಗಾಗಿ ಗುಣಿತಾಕ್ಷರ ಬಂದಲ್ಲೆಲ್ಲ ಪದ ಮುರಿಯುತ್ತದೆ. ಗುಣಿತವಿಲ್ಲದೆ ಕನ್ನಡದಲ್ಲಿ ಎಷ್ಟು ಪದ ಬರೆಯಲಾದೀತು ಹೇಳಿ.

ಪೈಥಾನ್ ನೋಡಿಕೊಳ್ಳುವವರಿಗೆ ಹೊಸ ಬಗ್ (ದೋಷದ) ವರದಿ ಬರೆಯಲು ಕೂತೆ. ಬರೆಯುವ ಮುಂಚೆ ಹಳೆಯವನ್ನು ಹುಡುಕಬೇಕು ಎಂಬ ನಿಯಮವಿದೆ. ಹುಡುಕಿದರೆ, ಇದೇ ದೂರು 2007ರಲ್ಲೇ ದಾಖಲಾಗಿತ್ತು, ಹಿಂದಿ ಪದವೊಂದರ ಉದಾಹರಣೆಯೊಂದಿಗೆ. 2011ರಲ್ಲಿ ಯೂನಿಕೋಡ್‌ನ ನಿಯಮವನ್ನೇ ಎತ್ತಿ ತೋರಿಸಿದ ಇನ್ನೊಂದು ವರದಿಯೂ ಇತ್ತು. ಎರಡನ್ನೂ ಒಂದೇ ಸಲಕ್ಕೆ ಕೂತು ಓದಿದೆ. ತಪ್ಪಿದೆ ಎಂದು ಒಪ್ಪುವವರಿದ್ದಾರೆ. ಆದರೆ ಈ ಗುರುತಿನ ಅರ್ಥ ಬದಲಿಸಿದರೆ ಜಗತ್ತಿನಾದ್ಯಂತ ಅದನ್ನೇ ನಂಬಿ ಓಡುತ್ತಿರುವ ಪ್ರೋಗ್ರಾಮುಗಳ ನಡವಳಿಕೆಯೂ ಬದಲಾಗುತ್ತದೆ. ಆ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ದೇವನಾಗರಿ, ತಮಿಳು, ಕನ್ನಡ ಬರೆಯುವವರೆಲ್ಲ ಇಷ್ಟು ವರ್ಷ ಸುತ್ತುದಾರಿ ಹಿಡಿಯಬೇಕಾಗಿ ಬಂದದ್ದು ಸರಿ ಎಂದು ನಾನು ಒಪ್ಪಲಾರೆ. ಈ ವಿಮರ್ಶೆಯಲ್ಲಿ ಒಂದು ನಕ್ಷತ್ರ ಕಡಿಮೆಯಾದದ್ದು ಇದಕ್ಕೇ.

ಸುತ್ತುದಾರಿ ಬೇಕಾದವರಿಗೆ: ಕನ್ನಡದ ಯೂನಿಕೋಡ್ ವಲಯ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ. ಆ ವ್ಯಾಪ್ತಿಯನ್ನು ಚೌಕ ಕಂಸದಲ್ಲಿ ಆ ಗುರುತಿನ ಜೊತೆಗೇ ಸೇರಿಸಿ, ‘ತೊಗರಿ’ ಇಡಿಯಾಗಿ ಬರುತ್ತದೆ. ಹೊರಗಿನ ಪ್ಯಾಕೇಜು ಇಳಿಸಿಕೊಳ್ಳಬಲ್ಲವರಿಗೆ ‘ರೆಜೆಕ್ಸ್’ ಎಂಬುದಿದೆ, ಅದರಲ್ಲಿ ಈ ತೊಂದರೆ ಇಲ್ಲ.

ಅದೇ ಹುಡುಕಾಟದಲ್ಲಿ ಇನ್ನೊಂದು ಗಂಟು ಸಿಕ್ಕಿತು. ಹಳೆಯ ಕಡತವೊಂದರಲ್ಲಿ ‘ತೊ’ದ ಒತ್ವ ಒಂದೇ ಸಂಕೇತವಾಗಿರದೆ ಎತ್ವ, ಊತ್ವ ಎಂದು ಎರಡಾಗಿ ಕೂತಿತ್ತು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಇದಕ್ಕೆ ಮದ್ದು ಲೈಬ್ರರಿಯಲ್ಲೇ ಇದೆ: ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್, ಅದು ಎರಡು ರೂಪಗಳನ್ನೂ ಒಂದೇ ರೂಪಕ್ಕೆ ತರುತ್ತದೆ. ಒಂದೇ ಸಾಲು ಸೇರಿಸಿದೆ, ಮುಗಿಯಿತು. ಕನ್ನಡದ ವಿಷಯದಲ್ಲಿ ಈ ಲೈಬ್ರರಿಗೆ ಕಾಳಜಿಯೇ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪದಿರುವುದು ಇಂಥವುಗಳಿಂದಲೇ. ‘೧೨೩’ ಎಂದು ಕನ್ನಡ ಅಂಕಿಯಲ್ಲಿ ಕೊಟ್ಟರೂ ಇಂಟ್ (ಪೂರ್ಣಾಂಕಕ್ಕೆ ಬದಲಿಸುವ ಫಂಕ್ಷನ್) ಅದನ್ನು 123 ಎಂದೇ ಓದುತ್ತದೆ, ಡೆಸಿಮಲ್ ಕೂಡ ಓದುತ್ತದೆ. ಮೊದಲ ಸಲ ನೋಡಿದಾಗ ಮುನೀಮರನ್ನು ಕರೆದು ತೋರಿಸಿದ್ದೆ.

ಎಲ್ಲ ತಪ್ಪೂ ಲೈಬ್ರರಿಯದಲ್ಲ. ಒಮ್ಮೆ 62.5 ಕಿಲೋ ತೂಕವನ್ನು ರೌಂಡ್ ಮಾಡಿದರೆ 62 ಬಂತು, 63.5ಕ್ಕೆ ಮಾತ್ರ 64 ಬಂತು. “ಅರ್ಧ ಇದ್ರ ಮ್ಯಾಲಕ್ಕ ಹೋಗಬೇಕಲ್ರಿ, ರೈತಗ ಲುಕ್ಸಾನ ಆಗ್ತದ” ಎಂದರು ಮುನೀಮರು. ಬಗ್ ಸಿಕ್ಕಿತು ಎಂದು ಉದ್ದದ ವರದಿ ಬರೆದೂ ಬಿಟ್ಟಿದ್ದೆ. ಕಳಿಸುವ ಮುಂಚೆ ದಸ್ತಾವೇಜು ತೆರೆದರೆ ಸ್ಪಷ್ಟವಾಗಿ ಬರೆದಿದ್ದರು: ಪೈಥಾನ್ 3ರಲ್ಲಿ ಸರಿಯಾಗಿ ಅರ್ಧ ಬಂದರೆ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. ಸಾವಿರಾರು ಸಾಲು ಕೂಡಿಸುವಾಗ ಮೊತ್ತ ಒಂದೇ ಕಡೆಗೆ ವಾಲಬಾರದು ಎಂಬ ಲೆಕ್ಕ ಅದರ ಹಿಂದಿದೆ. ಗಂಜ್‌ನ ರೂಢಿ ಬೇರೆ. ಡೆಸಿಮಲ್ ಮಾಡ್ಯೂಲಿನಲ್ಲಿ ಅರ್ಧಕ್ಕೆ ಮೇಲೆ ಹೋಗುವ ಆಯ್ಕೆ ಇದೆ, ಅದನ್ನು ಹಾಕಿದೆ. ಹಳೆಯ ಪಟ್ಟಿಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿ, ವ್ಯತ್ಯಾಸ ಬಂದವರಿಗೆ ಅಂಗಡಿಯವರಿಂದ ಹಣ ಕೊಡಿಸಿದ ಮೇಲೇ ನನಗೆ ಸಮಾಧಾನವಾದದ್ದು. ದುಡ್ಡಿನ ಲೆಕ್ಕಕ್ಕೆ ಫ್ಲೋಟ್ (ದಶಮಾಂಶವನ್ನು ಬೈನರಿಯಲ್ಲಿ ಇಡುವ ಬಗೆ) ಮುಟ್ಟಲೇಬೇಡಿ. 2.675ನ್ನು ಎರಡು ದಶಮಾಂಶಕ್ಕೆ ರೌಂಡ್ ಮಾಡಿದರೆ 2.67 ಬರುತ್ತದೆ, ಏಕೆಂದರೆ ಬೈನರಿಯಲ್ಲಿ ಆ ಸಂಖ್ಯೆ 2.675ಕ್ಕಿಂತ ಕೂದಲೆಳೆಯಷ್ಟು ಕಡಿಮೆಯಾಗಿಯೇ ಕೂತಿರುತ್ತದೆ.

ಇನ್ನು ತಿದ್ದುಪಡಿ ಕಳಿಸುವ ವಿಷಯ. 2022ರ ಏಪ್ರಿಲ್‌ನಲ್ಲಿ ಪೈಥಾನಿನ ಬಗ್ ದಾಖಲೆಗಳೆಲ್ಲ ಹಳೆಯ ಟ್ರ್ಯಾಕರ್‌ನಿಂದ, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ಗೆ ಬಂದವು. ನನ್ನಂಥವರಿಗೆ ಆಮೇಲೆ ದಾರಿ ಸಲೀಸಾಯಿತು. ದಸ್ತಾವೇಜಿನಲ್ಲಿ ಗೊಂದಲ ಹುಟ್ಟಿಸುತ್ತಿದ್ದ ಒಂದು ವಾಕ್ಯ ತಿದ್ದುವುದು ನನ್ನ ಮೊದಲ ಕೆಲಸ. ಅದಕ್ಕೂ ಮೊದಲು ಕೊಡುಗೆದಾರರ ಒಪ್ಪಂದಕ್ಕೆ ಸಹಿ ಬೇಕು, ಅದು ಒಮ್ಮೆ ಮಾಡಿದರೆ ಸಾಕು. ಕೋಡ್ ಮುಟ್ಟಿದರೆ ಟೆಸ್ಟ್ ಬರೆಯಬೇಕು, ಬದಲಾವಣೆಯ ಬಗ್ಗೆ ಸಣ್ಣ ಸುದ್ದಿಸಾಲು ಸೇರಿಸಬೇಕು. ಸೋರ್ಸ್ ಇಳಿಸಿಕೊಂಡು ನಮ್ಮ ಯಂತ್ರದಲ್ಲೇ ಕಂಪೈಲ್ ಮಾಡಬೇಕು. ನನ್ನ ಹಳೆ ಲ್ಯಾಪ್‌ಟಾಪಿನಲ್ಲಿ, ಮೇ ತಿಂಗಳ ಬಿಸಿಲಿನಲ್ಲಿ, ಕರೆಂಟು ಹೋಗುವುದರೊಳಗೆ ಮುಗಿಯಲಿ ಎಂದು ಕಾದು ಕೂತದ್ದು ನೆನಪಿದೆ. ಲೈಬ್ರರಿಯ ಬಹುಪಾಲು ‘ಲಿಬ್’ ಎಂಬ ಫೋಲ್ಡರಿನಲ್ಲಿ ಪೈಥಾನಿನಲ್ಲೇ ಬರೆದಿದೆ, ಹಾಗಾಗಿ ಸಿ ಭಾಷೆ ಬಾರದವರೂ ಓದಬಹುದು, ತಿದ್ದಬಹುದು.

ವರದಿ ಬರೆಯುವ ಕೈ ಪಳಗಲು ನನಗೆ ಎರಡು ವರ್ಷ ಹಿಡಿಯಿತು. ಮಿಲ್ಲಿನ ಇಡೀ ಪ್ರೋಗ್ರಾಮು ಅಂಟಿಸಿದರೆ ಓದುವವರ ಸಮಯ ಹಾಳು. ಐದಾರು ಸಾಲಿಗೆ ಇಳಿಸಬೇಕು, ಹೊರಗಿನ ಪ್ಯಾಕೇಜು ಅದರಲ್ಲಿ ಇರಬಾರದು, ಏನು ಬರಬೇಕಿತ್ತು ಮತ್ತು ಏನು ಬಂತು ಎರಡನ್ನೂ ಬರೆಯಬೇಕು, ಹೊಸ ಆವೃತ್ತಿಯಲ್ಲಿ ಓಡಿಸಿ ನೋಡಿರಬೇಕು. ಹೀಗೆ ಇಳಿಸುತ್ತ ಹೋದಾಗ ಅರ್ಧಕ್ಕರ್ಧ ಸಲ ತಪ್ಪು ನನ್ನ ಕೋಡಿನಲ್ಲೇ ಸಿಕ್ಕಿದೆ. ತೆರೆದಿರುವ ವರದಿಗಳು ಸಾವಿರಗಟ್ಟಲೆ ಇವೆ, ನೋಡುವವರಲ್ಲಿ ಹೆಚ್ಚಿನವರು ಬಿಡುವಿನಲ್ಲಿ ಕೆಲಸ ಮಾಡುವ ಸ್ವಯಂಸೇವಕರು. ಉತ್ತರ ನಾಳೆಯೇ ಬರಬೇಕು ಎನ್ನುವವರಿಗೆ ಇದು ಹಿಡಿಸದು.

ಹಳತನ್ನು ತೆಗೆದುಹಾಕುವ ವಿಷಯದಲ್ಲಿ ಇವರು ನಿಷ್ಠುರರು. ಜಾಲತಾಣಗಳಿಗೆ ಬಳಸುತ್ತಿದ್ದ ಹಳೆಯ ಸಿಜಿಐ ಮಾಡ್ಯೂಲ್ ತೆಗೆಯುತ್ತೇವೆ ಎಂದು 3.11ರಲ್ಲಿ ಎಚ್ಚರಿಸಿ, 2024ರ ಅಕ್ಟೋಬರಿನಲ್ಲಿ ಬಂದ 3.13ರಲ್ಲಿ ತೆಗೆದೇಬಿಟ್ಟರು. ಎಚ್ಚರಿಕೆಗಳನ್ನು ಆನ್ ಮಾಡಿಟ್ಟುಕೊಳ್ಳಿ.

ವಿಂಡೋಸ್ ಬಳಸುವವರಿಗೆ ಇನ್ನೊಂದು ಮಾತು: ಫೈಲ್ ತೆರೆಯುವಾಗ ಎನ್‌ಕೋಡಿಂಗ್ (ಅಕ್ಷರಗಳನ್ನು ಸಂಕೇತವಾಗಿ ಉಳಿಸುವ ಬಗೆ) ಯುಟಿಎಫ್-8 ಎಂದು ಪ್ರತಿ ಸಲ ಬರೆಯಿರಿ, ಇಲ್ಲದಿದ್ದರೆ ಕನ್ನಡ ಬಂದ ಕಡೆ ಪ್ರೋಗ್ರಾಮು ನಿಲ್ಲಬಹುದು. 3.15ರಿಂದ ಇದೇ ಡೀಫಾಲ್ಟ್ ಆಗಬೇಕೆಂದು ತೀರ್ಮಾನವಾಗಿದೆ. ಎಕ್ಸೆಲ್‌ನಲ್ಲಿ ತೆರೆಯುವ ಸಿಎಸ್‌ವಿಗೆ ‘ಯುಟಿಎಫ್-8-ಸಿಗ್’ ಹಾಕಿ.

ಒಟ್ಟು ಐದಕ್ಕೆ ನಾಲ್ಕು. ಹೊಸ ಆವೃತ್ತಿಯ ಮೊದಲ ಬೀಟಾ (ಪರೀಕ್ಷೆಗೆ ಬಿಡುವ ರೂಪ) ಸಾಮಾನ್ಯವಾಗಿ ಮೇ ತಿಂಗಳಲ್ಲಿ ಬರುತ್ತದೆ, ಅಕ್ಟೋಬರಿನಲ್ಲಿ ಬಿಡುಗಡೆ. ತಪ್ಪು ತೋರಿಸಲು ಆ ನಡುವಿನ ತಿಂಗಳುಗಳೇ ಸರಿಯಾದ ಹೊತ್ತು, ಗಂಜ್‌ನಲ್ಲೂ ಆಗ ಕೆಲಸ ಕಡಿಮೆ. ಕನ್ನಡ ಪದಗಳ ಒಂದು ಕಡತ ಇಟ್ಟುಕೊಂಡಿದ್ದೇನೆ: ತೊಗರಿ, ಜೋಳ, ಕುಸುಬಿ, ಚಿತ್ತಾಪುರ, ಆಳಂದ, ಸೇಡಂ, ಜೇವರ್ಗಿ. ಪ್ರತಿ ಬೀಟಾದಲ್ಲೂ ಅದನ್ನು ಹುಡುಕಿ, ಬಿಡಿಸಿ, ಬರೆದು, ಮತ್ತೆ ಓದಿಸಿ ನೋಡುತ್ತೇನೆ. ಬೀದರ್, ಯಾದಗಿರಿ ಕಡೆಯವರು ತಮ್ಮಲ್ಲಿ ಮುರಿದ ಪದಗಳಿದ್ದರೆ ಹೇಳಿ, ಸೇರಿಸಿಕೊಳ್ಳುತ್ತೇನೆ.