ಐನ್ಯಾಚುರಲಿಸ್ಟ್ ಆಪ್: ಹೊರಗಿನಿಂದ ಬಂದ ಜೀವಿಗಳ ಮೇಲೆ ಕಣ್ಣಿಡುವವರಿಗೆ

ಕಂಡ ಕಳೆ, ಹುಳುಗಳಿಗೆಲ್ಲ ಫೋಟೋ ಹೊಡೆಯುವ ಚಟ ನನ್ನದು. ಅದಕ್ಕೆ ಯಾವ ಆಪ್ ಒಳ್ಳೆಯದು ಅಂತ ಯಾರಾದರೂ ಕೇಳಿದರೆ ಐನ್ಯಾಚುರಲಿಸ್ಟ್ ಅನ್ನುತ್ತೇನೆ. ಫೋಟೋ ಹಾಕಿದರೆ ಅದು ಯಾವ ಜೀವಿ ಅಂತ ಗುರುತಿಸಲು ನೆರವಾಗಿ, ಕಂಡ ಜಾಗವನ್ನು ನಕ್ಷೆಯಲ್ಲಿ ಚುಕ್ಕೆಯಾಗಿ ದಾಖಲಿಸುವ ಆಪ್ ಇದು. ದುಡ್ಡು ಕೊಡಬೇಕಿಲ್ಲ, ಜಾಹೀರಾತಿನ ಕಾಟವಿಲ್ಲ. 2008ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾದದ್ದು ಇದು.

ಮೊದಲು ಬಳಸುತ್ತಿದ್ದ ಇನ್ನೊಂದು ಆಪ್, ಹೆಸರು ಬೇಡ ಬಿಡಿ, ಹೂ ಬಿಡದ ಪಾರ್ಥೇನಿಯಂ ಸಸಿ ತೋರಿಸಿದರೆ ಸೇವಂತಿಗೆ ಅನ್ನುತ್ತಿತ್ತು. ಅದೂ ಭಾರಿ ಧೈರ್ಯದಿಂದ! ಐನ್ಯಾಚುರಲಿಸ್ಟ್‌ನಲ್ಲಿ ಯಂತ್ರ ಹೆಸರು ಸೂಚಿಸುತ್ತದೆ ಅಷ್ಟೆ. ಆಮೇಲೆ ಬೇರೆ ಬಳಕೆದಾರರು ನೋಡಿ ಒಪ್ಪಬೇಕು. ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಒಪ್ಪಿಗೆ ಸಿಕ್ಕಿ, ಜಾಗ, ದಿನಾಂಕ ಸರಿಯಿದ್ದರೆ ಅದು 'ರಿಸರ್ಚ್ ಗ್ರೇಡ್', ಅಂದರೆ ಸಂಶೋಧನೆಗೆ ಬಳಸಬಹುದಾದ ದಾಖಲೆ. ಅಂಥವು ಜಿಬಿಐಎಫ್ ಎಂಬ ಜಾಗತಿಕ ಮಾಹಿತಿ ಭಂಡಾರಕ್ಕೆ ಹೋಗುತ್ತವೆ, ಸಂಶೋಧಕರು ಅಲ್ಲಿಂದ ತೆಗೆದುಕೊಳ್ಳುತ್ತಾರೆ. ಒಪ್ಪಿಗೆ ಬೇಗ ಬೇಕಾದರೆ ಫೋಟೋ ಚೆನ್ನಾಗಿರಬೇಕು. ಲಂಟಾನಾ ಆದರೆ ಹೂಗೊಂಚಲು ಒಂದೇ ಸಾಲದು. ಚೌಕಾಕಾರದ ಕಾಂಡ, ಅದರ ಮೇಲಿನ ಸಣ್ಣ ಕೊಕ್ಕೆಮುಳ್ಳು, ಎದುರುಬದುರಾಗಿ ಕೂತ ಒರಟು ಎಲೆ, ಎಲ್ಲವೂ ಕಾಣಲಿ.

ಬಹಳ ಜನ ಗಮನಿಸದ ಒಂದು ಟಿಕ್ ಇದೆ: ಇದು ನೆಟ್ಟದ್ದೋ ತಾನಾಗಿ ಬೆಳೆದದ್ದೋ ಅನ್ನುವುದು. ಕುಂಡದಲ್ಲಿರುವ ಅಲಂಕಾರದ ಗಿಡ ಸುದ್ದಿಯೇ ಅಲ್ಲ. ಅದೇ ಗಿಡ ಬೇಲಿ ದಾಟಿ ಹಳ್ಳದ ದಂಡೆಯಲ್ಲಿ ತಾನಾಗಿ ಹುಟ್ಟಿದರೆ ಅದು ಸುದ್ದಿ. ನೆಟ್ಟ ಗಿಡಕ್ಕೆ ಟಿಕ್ ಹಾಕದೇ ಬಿಟ್ಟರೆ ನಕ್ಷೆಯಲ್ಲಿ ಸುಮ್ನೆ ಒಂದು ಸುಳ್ಳು ಚುಕ್ಕೆ.

ಕೆಲವು ಜೀವಿಗಳ ಹೆಸರಿನ ಪಕ್ಕ 'ಇಂಟ್ರೊಡ್ಯೂಸ್ಡ್', ಅಂದರೆ ಹೊರಗಿನಿಂದ ಬಂದದ್ದು, ಅನ್ನುವ ಗುರುತು ಬರುತ್ತದೆ. ಅದನ್ನು ನೋಡಿ ಗಾಬರಿ ಬೇಡ. ಹೊರಗಿನದ್ದೆಲ್ಲ ಹಾಳುಮಾಡುವುದಿಲ್ಲ. ಜೀವವೈವಿಧ್ಯದ ಬಗ್ಗೆ ಸರ್ಕಾರಗಳಿಗೆ ವೈಜ್ಞಾನಿಕ ವರದಿ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಐಪಿಬಿಇಎಸ್‌ನ 2023ರ ವರದಿಯ ಪ್ರಕಾರ ಜಗತ್ತಿನಲ್ಲಿ ಹೀಗೆ ಹೊರಗಿನಿಂದ ಬಂದು ನೆಲೆಯೂರಿದ ಜೀವಿಜಾತಿಗಳು 37,000ಕ್ಕೂ ಹೆಚ್ಚು. ಅವುಗಳಲ್ಲಿ ಹಾನಿಕಾರಕ ಎಂದು ಗುರುತಾದವು 3,500ಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ ಸುಮಾರು ಹತ್ತರಲ್ಲಿ ಒಂದು. ಯಾವುದು ಆ ಒಂದು ಅಂತ ಈ ಗುರುತು ಹೇಳುವುದಿಲ್ಲ.

ಆಪ್‌ಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತಿರುವುದು ಅದಕ್ಕೇ. ನಕ್ಷೆ 'ಇಲ್ಲಿದೆ' ಅನ್ನುತ್ತದೆ, ಬಂದದ್ದು ಏನು ಮಾಡುತ್ತಿದೆ ಅನ್ನುವುದಿಲ್ಲ. ಪೆಸಿಫಿಕ್ ಸಾಗರದ ಗುವಾಮ್ ದ್ವೀಪದ ಕಂದು ಮರಹಾವನ್ನೇ ನೋಡಿ. ಎರಡನೇ ಮಹಾಯುದ್ಧದ ನಂತರ ಸರಕಿನ ಜೊತೆ ಬಂದ ಹಾವು ಅಲ್ಲಿನ ಕಾಡುಹಕ್ಕಿಗಳನ್ನು ಬಹುಪಾಲು ಖಾಲಿ ಮಾಡಿತು. ಬೀಜ ಒಯ್ಯುವ ಹಕ್ಕಿಗಳಿಲ್ಲದೆ ಮರದ ಸಸಿಗಳೂ ಕಡಿಮೆಯಾದವು, ಜೇಡಗಳು ಹೆಚ್ಚಿದವು. ಇದೆಲ್ಲ ಗೊತ್ತಾದದ್ದು ವರ್ಷಗಟ್ಟಲೆ ಕಾಡಿನಲ್ಲಿ ಕೂತು ಎಣಿಸಿದವರಿಂದ. ಇನ್ನೊಂದು, ಚುಕ್ಕೆಗಳು ಜನ ಓಡಾಡುವ ರಸ್ತೆ ಪಕ್ಕದಲ್ಲೇ ಜಾಸ್ತಿ. ಖಾಲಿ ಜಾಗ ಕಂಡರೆ ಅಲ್ಲಿ ಕಳೆ ಇಲ್ಲ ಅಂತಲ್ಲ, ಯಾರೂ ಹೋಗಿಲ್ಲ ಅಂತಲೂ ಇರಬಹುದು, ಅಲ್ವಾ?

ಹೊಸದಾಗಿ ಹಾಕಿಕೊಳ್ಳುವವರು ಎರಡು ಸೆಟ್ಟಿಂಗ್ ನೋಡಿಕೊಳ್ಳಿ. ಕಳೆಯ ಫೋಟೋಗೆ ಜಾಗ ಮರೆಮಾಡಬೇಡಿ. ಮಾಡಿದರೆ ಕೀಳಲು ಹೋಗುವವರಿಗೆ ಅದು ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಮನೆಯಂಗಳದ್ದಾದರೆ ಮಾತ್ರ ಮರೆಮಾಡಿ. ಲೈಸೆನ್ಸ್‌ನಲ್ಲಿ 'ಎಲ್ಲ ಹಕ್ಕು ಕಾಯ್ದಿರಿಸಿದೆ' ಆರಿಸಿದರೆ ನಿಮ್ಮ ದಾಖಲೆ ಜಿಬಿಐಎಫ್‌ಗೆ ಹೋಗುವುದೇ ಇಲ್ಲ.