ಶ್ರಾವಣ ಯಾವತ್ತಿಂದ? ಮೂರು ಕ್ಯಾಲೆಂಡರ್ ಆಪ್ ಬಳಸಿ ನೋಡಿದ ಮ್ಯಾಲೆ

ಹುಬ್ಬಳ್ಳಿ ದುರ್ಗದಬೈಲ್ ಕಡೆ ನಮ್ಮದು ಪೂಜಾ ಸಾಮಾನಿನ ಅಂಗಡಿ ಐತ್ರಿ. ಊದಿನಕಡ್ಡಿ, ಕರ್ಪೂರ, ಅರಿಷಿಣ ಕುಂಕುಮ, ಎಲ್ಲಾ. ಹಬ್ಬ ಯಾವಾಗ ಅನ್ನೂದು ನಮಗ ಬರೇ ಭಕ್ತಿ ವಿಷಯ ಅಲ್ಲ, ಮಾಲು ಯಾವಾಗ ತರಸ್ಬೇಕು ಅನ್ನೋ ಲೆಕ್ಕಾನೂ ಅದರ ಮ್ಯಾಲೇ. ಮೂರು ಥರದ್ದು ಬಳಸೇನಿ: ಫೋನ್ ಜೋಡಿ ಬಂದ ಕ್ಯಾಲೆಂಡರ್, ಉತ್ತರದ ಕಂಪನಿಯವರು ಮಾಡಿ ಕನ್ನಡಕ್ಕ ತಂದ ಪಂಚಾಂಗ ಆಪ್, ಇದಕ್ಕ ವರ್ಷದ ರೊಕ್ಕ ಕೊಟ್ಟೇನಿ, ಮತ್ತ ನಮ್ಮ ಕಡೆಯವರ ಮಾಡಿದ ಪುಕ್ಕಟ ಪಂಚಾಂಗ ಆಪ್. ಮೊದ್ಲ ಹೇಳಿಬಿಡ್ತೀನಿ, ನನಗ ಸೇರಿದ್ದು ಮೂರನೇದು.

ಫೋನಿಂದು ಕರೆಂಟ್ ಬಿಲ್ಲಿಗೆ, ಜಿಎಸ್‌ಟಿಗೆ ಚಲೋ. ಹಬ್ಬಕ್ಕ ಉಪಯೋಗ ಇಲ್ಲ. ಯುಗಾದಿ ಹಾಕಿ ‘ಪ್ರತಿ ವರ್ಷ’ ಅಂತ ಒತ್ತಿದ್ರ ಅದ ತಾರೀಖಿಗೆ ಮತ್ತ ಮತ್ತ ಬರತೈತಿ, ಆದ್ರ ಯುಗಾದಿ 2025ರಾಗ ಮಾರ್ಚ್ 30, 2026ಕ್ಕ ಮಾರ್ಚ್ 19, 2027ಕ್ಕ ಏಪ್ರಿಲ್ 7. ಚಾಂದ್ರಮಾನ ವರ್ಷ ಸುಮಾರು 354 ದಿನದ್ದು, ಹಿಂಗಾಗಿ ವರ್ಷಾ 11 ದಿನ ಹಿಂದ ಸರಕೋತ ಹೋಗಿ ಅಧಿಕ ಮಾಸ ಬಂದಾಗ ಒಮ್ಮೆಲೆ ಮುಂದ ಹೋಗತೈತಿ. ಇದನ್ನ ಆ ಆಪ್‌ಗೆ ಹೇಳಾಕ ಜಾಗಾನ ಇಲ್ಲ.

ರೊಕ್ಕ ಕೊಟ್ಟಿದ್ದು ನೋಡಾಕ ಭಾಳ ಚಂದ, ಕನ್ನಡಾನೂ ಶುದ್ಧ, ಒಂದು ಕಾಗುಣಿತ ತಪ್ಪಿಲ್ಲ. 2025ರ ಜುಲೈ 11ಕ್ಕ ‘ಇಂದಿನಿಂದ ಶ್ರಾವಣ’ ಅಂತ ನೋಟಿಫಿಕೇಷನ್ ಕೊಡ್ತು. ಗ್ವಾಡಿ ಮ್ಯಾಲಿನ ಕ್ಯಾಲೆಂಡರ್‌ನಾಗ ಜುಲೈ 25. ನಮ್ಮ ಮೊದಲನೇ ಶ್ರಾವಣ ಸ್ವಾಮಾರ 28ಕ್ಕ, ಆಪ್‌ನಾಗ 14ಕ್ಕ. ಆಪ್ ನಂಬಿದ್ರ ಎರಡು ವಾರ ಮೊದಲ ಮಾಲು ತಂದು ಸುರೀಬೇಕಿತ್ತು.

ಲೆಕ್ಕ ತಪ್ಪಿದ್ದಲ್ರಿ ಇದು. ಉತ್ತರದಾಗ ಭಾಳ ಕಡೆ ತಿಂಗಳಾ ಹುಣ್ಣಿವಿಗೆ ಮುಗೀತೈತಿ, ಪೂರ್ಣಿಮಾಂತ. ನಮ್ಮಲ್ಲಿ ಅಮಾಸಿಗೆ, ಅಮಾಂತ. ಶುಕ್ಲಪಕ್ಷದಾಗ ಇಬ್ಬರದೂ ತಿಂಗಳು ಒಂದ, ಅದಕ್ಕ ನಾಗರ ಪಂಚಮಿ, ಗಣೇಶ ಚೌತಿ ಎಲ್ಲಾ ಸರಿ ಕೂಡತಾವು, ಫರಕು ಕಣ್ಣಿಗೆ ಬೀಳೂದಿಲ್ಲ. ಬಹುಳದಾಗ, ಅಂದ್ರ ಹುಣ್ಣಿವಿ ಆದ ಮ್ಯಾಲಿನ ಕೃಷ್ಣಪಕ್ಷದಾಗ, ತಿಂಗಳ ಹೆಸರು ಬ್ಯಾರೆ. ಶಿವರಾತ್ರಿ ನಮಗ ಮಾಘದಾಗ, ಅವರಿಗೆ ಫಾಲ್ಗುಣದಾಗ, ದಿನ ಮಾತ್ರ ಒಂದ. ಆದ್ರ ತಿಥಿ ನಾವ ತುಂಬೂ ಕಡೆ ದಿನಾನೂ ತಪ್ಪತೈತಿ. ನಮ್ಮ ಕಾಕಾಂದು ಶ್ರಾದ್ಧ ಶ್ರಾವಣ ಬಹುಳ ದಶಮಿಗೆ, 2025ರಾಗ ಆಗಸ್ಟ್ 18ಕ್ಕ ಬಂದಿತ್ತು. ಅದ ತಿಂಗಳು ಅದ ತಿಥಿ ತುಂಬಿದ್ರ ಆಪ್ ಜುಲೈನಾಗ ತೋರಸ್ತು. ಶ್ರಾದ್ಧ ಒಂದು ತಿಂಗಳು ಮೊದಲ ಮಾಡಾಕ ಆಗತೈತೇನ್ರಿ? ಕಾಕೂಗ ಇದನ್ನ ಹೆಂಗ ಹೇಳೂದು?

ಸೆಟಿಂಗ್ಸ್ ಪೂರಾ ಹುಡುಕಿದೆ. ಭಾಷೆ ಐತಿ, ಥೀಮ್ ಐತಿ, ಊದೂ ಶಂಖದ ಸೌಂಡ್ ಐತಿ, ಮಾಸ ಪದ್ಧತಿ ಇಲ್ಲ. ಕನ್ನಡ ಆರಿಸಿದವರಿಗೆ ತಾನ ಅಮಾಂತ ಹಾಕಿದ್ರ ಮುಗೀತಲ್ಲ ಅಂತ ಮೊದಲು ಅನಿಸಿತ್ತು, ಅದೂ ಸಾಲೂದಿಲ್ಲ. ನಮ್ಮ ಬಾಜೂ ಅಂಗಡಿ ಮಾರವಾಡಿ ಶೇಟ್ ಕನ್ನಡ ನಮ್ಮಂಗ ಓದ್ತಾರ, ಆಪ್ ಕನ್ನಡದಾಗ ಇಟ್ಟಾರ, ಹಬ್ಬ ಮಾತ್ರ ತಮ್ಮ ರಾಜಸ್ತಾನದ ಲೆಕ್ಕದಾಗ ಮಾಡ್ತಾರ, ಅವರಿಗೆ ಈ ಆಪ್ ಬರೋಬ್ಬರಿ ಕೂಡತೈತಿ. ಒಂದ ಓಣಿ, ಒಂದ ಭಾಷೆ, ಎರಡು ಶ್ರಾವಣ. ಆಪ್ ತೆಗೆದ ಕೂಡಲೆ ‘ನಿಮ್ಮ ಮನ್ಯಾಗ ತಿಂಗಳು ಅಮಾಸಿಗೆ ಮುಗೀತೈತೋ ಹುಣ್ಣಿವಿಗೋ’ ಅಂತ ಒಂದು ಪ್ರಶ್ನೆ ಕೇಳಬೇಕಿತ್ತು ಅಷ್ಟ.

ಮೂರನೇದರಾಗ ಜಾಹೀರಾತು ಕಾಟ ಐತಿ, ಖರೇ. ಬಣ್ಣಾನೂ ಢಾಳ. ಆದ್ರ ಅಮಾಂತ ಐತಿ, ಊರಿನ ಪಟ್ಟಿಯೊಳಗ ಹುಬ್ಬಳ್ಳಿ ಐತಿ, ರಾಹುಕಾಲ ಇಲ್ಲಿ ಸೂರ್ಯೋದಯಕ್ಕ ತಕ್ಕಂಗ ಬರತೈತಿ. ಇನ್ನೊಂದು, ವಾರದ ಹೆಸರು ಎಡಕ್ಕ ಉದ್ದಕ ಇಟ್ಟು ತಾರೀಖು ಮ್ಯಾಲಿಂದ ಕೆಳಗ ಬರ್ದಾರ, ಥೇಟ್ ಗ್ವಾಡಿ ಕ್ಯಾಲೆಂಡರ್‌ನಂಗ. ನಮ್ಮವ್ವ ಯಾರೂ ಹೇಳಿಕೊಡದನ ಸಂಕಷ್ಟಿ ಹುಡುಕಿದ್ಲು. ಉಳಿದ ಎರಡರಾಗ ತಾರೀಖು ಅಡ್ಡ ಹೊಕ್ಕಾವು, ಅವ್ವ ಆಯತಾರಕ್ಕ ಬದಲಿ ಸ್ವಾಮಾರ ಓದ್ತಿದ್ಲು.

ಅಂಗಡಿಗೂ ಮನಿಗೂ ಪುಕ್ಕಟಿಂದು ಸಾಕು. ಗಿರಾಕಿಗೆ ವಾಟ್ಸಾಪ್‌ನಾಗ ಹಬ್ಬದ ಕಾರ್ಡ್ ಕಳಸೋ ಸೌಕರ್ಯ ರೊಕ್ಕದ್ದರಾಗ ಚಲೋ ಐತಿ, ಹಿಂಗಾಗಿ ಮಾಸ ಪದ್ಧತಿ ಸೆಟಿಂಗ್ ಕೊಟ್ರ ಮತ್ತ ವರ್ಷದ ರೊಕ್ಕ ಕಟ್ಟಾಕ ತಯಾರ್ ಅದೀನಿ, ಅವರಿಗೆ ಮೇಲ್‌ನಾಗೂ ಅದನ್ನ ಬರದೇನಿ.