ರೈಜೆನ್ 7 5700ಎಕ್ಸ್: ಎರಡು ವರ್ಷದ ಬಳಕೆ, ಮೊದಲ ಎರಡು ತಿಂಗಳ ಪೇಚಾಟ

ಬಳ್ಳಾರಿಯಲ್ಲಿ ನನ್ನದೊಂದು ಸಣ್ಣ ಫೋಟೊ ಸ್ಟುಡಿಯೊ ಇದೆ. ಮದುವೆ, ನಾಮಕರಣ, ಗೃಹಪ್ರವೇಶ, ಯಾವುದೇ ಇರಲಿ, ಎಡಿಟಿಂಗ್ ಎಲ್ಲ ನಡೆಯುವುದು ಒಂದೇ ಕಂಪ್ಯೂಟರಿನಲ್ಲಿ. 2019ರ ಕೊನೆಗೆ ಜೋಡಿಸಿದ್ದು: ರೈಜೆನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 3000 ವೇಗದ 8 ಜಿಬಿಯ ಎರಡು ರ‍್ಯಾಮ್ ಸ್ಟಿಕ್, ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡು. ಮೂರು ವರ್ಷ ಚೆನ್ನಾಗಿ ದುಡಿಯಿತು. ಆಮೇಲೆ ಗಿರಾಕಿಗಳು 4ಕೆ ಕೇಳತೊಡಗಿದರು, ಎರಡು ಕ್ಯಾಮೆರಾ ಇದ್ದದ್ದು ಮೂರಾಯಿತು. ಟೈಮ್‌ಲೈನ್ ಎಳೆದರೆ ಚಿತ್ರ ತಡವರಿಸುತ್ತಾ ಬರುತ್ತಿತ್ತು.

2023ರ ಆಷಾಢದಲ್ಲಿ, ಮದುವೆಗಳಿಲ್ಲದ ಬಿಡುವು ನೋಡಿ, ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಎಎಂಡಿ ಕಂಪನಿಯ ರೈಜೆನ್ 7 5700ಎಕ್ಸ್ ಪ್ರೊಸೆಸರ್ ತಂದೆ. ಹದಿನೇಳು ಸಾವಿರದ ಆಸುಪಾಸು ಬಿತ್ತು. ಜೊತೆಗೆ 3200 ವೇಗದ ಇನ್ನೆರಡು 8 ಜಿಬಿ ಸ್ಟಿಕ್. ಆ ವರ್ಷ ಅಧಿಕ ಶ್ರಾವಣ ಬಂದು ಇನ್ನೂ ಒಂದು ತಿಂಗಳು ಕೆಲಸ ಕಡಿಮೆ ಇತ್ತು. ಆ ತಿಂಗಳೂ ನನಗೆ ಬೇಕೇ ಆಯಿತು.

ಇದನ್ನೇ ಆರಿಸಿದ್ದು ಯಾಕೆಂದರೆ ಪ್ರೊಸೆಸರ್ ಕೂರುವ ಸಾಕೆಟ್ ಹಳೆಯದೇ, ಎಎಂ4. ಬೋರ್ಡು, ರ‍್ಯಾಮ್ ಯಾವುದನ್ನೂ ಬಿಸಾಡಬೇಕಿಲ್ಲ. 2020ರ ಮೇ ತಿಂಗಳಲ್ಲಿ ಎಎಂಡಿ, ಬಿ450 ಬೋರ್ಡುಗಳಿಗೆ ಜೆನ್ 3 ಪೀಳಿಗೆಯ (5700ಎಕ್ಸ್ ಕೂಡ ಇದೇ ಪೀಳಿಗೆ) ಪ್ರೊಸೆಸರ್ ಹೊಂದುವುದಿಲ್ಲ ಎಂದು ಹೇಳಿತ್ತು. ಬಳಕೆದಾರರು ದೊಡ್ಡದಾಗಿ ಆಕ್ಷೇಪಿಸಿದ ಮೇಲೆ ಅದೇ ತಿಂಗಳಲ್ಲಿ ನಿರ್ಧಾರ ಬದಲಿಸಿತು. ಅವರು ಹಾಗೆ ದನಿ ಎತ್ತದಿದ್ದರೆ ನನ್ನಂಥವರು ಬೋರ್ಡನ್ನೂ ಹೊಸದಾಗಿ ಕೊಳ್ಳಬೇಕಾಗುತ್ತಿತ್ತು. ಅವರಿಗೆ ನಾನು ಋಣಿ.

5700ಎಕ್ಸ್ ಬಂದದ್ದು 2022ರ ಏಪ್ರಿಲ್‌ನಲ್ಲಿ. 8 ಕೋರ್, 16 ಥ್ರೆಡ್, 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ), 65 ವ್ಯಾಟ್. ಡಬ್ಬಿಯಲ್ಲಿ ಕೂಲರ್ ಇರುವುದಿಲ್ಲ. ಒಳಗೆ ಗ್ರಾಫಿಕ್ಸ್ ಕೂಡ ಇಲ್ಲ, ಹಾಗಾಗಿ ಮಾನಿಟರ್ ವೈರನ್ನು ಮದರ್‌ಬೋರ್ಡಿನ ಎಚ್‌ಡಿಎಂಐಗೆ ಚುಚ್ಚಿದರೆ ಏನೂ ಕಾಣುವುದಿಲ್ಲ. ಹೆಸರನ್ನೂ ಸರಿಯಾಗಿ ಓದಿಕೊಳ್ಳಿ. ಕೊನೆಯ ಎಕ್ಸ್ ಇಲ್ಲದ 5700 ಬೇರೆಯೇ ಚಿಪ್. ಅದರ ಕ್ಯಾಶ್ 16 ಎಂಬಿ, ಅರ್ಧಕ್ಕರ್ಧ.

ಮೊದಲ ತಪ್ಪು ನನ್ನದೇ. ಬಯೋಸ್ (ಬೋರ್ಡಿನಲ್ಲೇ ಇರುವ, ಕಂಪ್ಯೂಟರನ್ನು ಎಬ್ಬಿಸುವ ತಂತ್ರಾಂಶ) ಅಪ್‌ಡೇಟ್ ಮಾಡದೆ ಹಳೆಯ ಪ್ರೊಸೆಸರ್ ಬಿಚ್ಚಿದೆ. ಬಿಚ್ಚಿದ ರೀತಿಯೂ ತಪ್ಪು. ಕಂಪ್ಯೂಟರ್ ತಣ್ಣಗಿತ್ತು, ಥರ್ಮಲ್ ಪೇಸ್ಟ್ ಒಣಗಿ ಅಂಟಿನಂತಾಗಿತ್ತು, ಕೂಲರನ್ನು ನೇರ ಮೇಲಕ್ಕೆ ಎಳೆದೆ. ಎಎಂ4ನಲ್ಲಿ ಪಿನ್ನುಗಳಿರುವುದು ಬೋರ್ಡಿನಲ್ಲಲ್ಲ, ಪ್ರೊಸೆಸರಿನ ಕೆಳಗೆ, ಒಟ್ಟು 1331. ಲಾಕ್ ಹಾಕಿದ್ದಂತೆಯೇ ಪ್ರೊಸೆಸರ್ ಕೂಲರಿಗೆ ಕಚ್ಚಿಕೊಂಡು ಎದ್ದು ಬಂತು. ಮೂಲೆಯ ಮೂರು ಪಿನ್ ಬಾಗಿದ್ದವು. ಹತ್ತು ನಿಮಿಷ ಏನಾದರೂ ಭಾರದ ಕೆಲಸ ಓಡಿಸಿ ಪೇಸ್ಟ್ ಬೆಚ್ಚಗಾದ ಮೇಲೆ ಆಫ್ ಮಾಡಿ, ಕೂಲರನ್ನು ಅತ್ತಿತ್ತ ಮೆಲ್ಲಗೆ ತಿರುಗಿಸಿ ಬಿಡಿಸಬೇಕು. ಇದು ಗೊತ್ತಾಗಿದ್ದು ಆಮೇಲೆ.

ಹೊಸದನ್ನು ಕೂರಿಸಿ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಬೋರ್ಡಿನ ಅಂಚಿನಲ್ಲಿ ಸಿಪಿಯು ಎಂದು ಬರೆದ ಪುಟ್ಟ ಕೆಂಪು ದೀಪ ಆರುತ್ತಲೇ ಇಲ್ಲ. 2019ರ ಬಯೋಸಿಗೆ 2022ರ ಪ್ರೊಸೆಸರ್ ಯಾವುದೆಂದೇ ಗೊತ್ತಿಲ್ಲ. ಕೆಲವು ಬೋರ್ಡುಗಳಲ್ಲಿ ಪ್ರೊಸೆಸರ್ ಇಲ್ಲದೆಯೇ ಪೆನ್ ಡ್ರೈವಿನಿಂದ ಬಯೋಸ್ ಹಾಕುವ ಗುಂಡಿ ಇರುತ್ತದೆ, ನನ್ನದರಲ್ಲಿಲ್ಲ. ಹಳೆಯ 2600 ಮತ್ತೆ ಕೂರಬೇಕು, ಅದರ ಪಿನ್ನೋ ಬಾಗಿವೆ.

ನನ್ನ ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನು ಪೆನ್‌ಪೆನ್ಸಿಲ್ಲಿನ ಕಡ್ಡಿ ತೆಗೆದು, ಅದರ ಖಾಲಿ ತುದಿಯನ್ನು ಒಂದೊಂದು ಪಿನ್ನಿಗೂ ತೊಡಿಸಿ, ಉಸಿರು ಬಿಗಿಹಿಡಿದು ನೆಟ್ಟಗೆ ಮಾಡಿದ. "ಮಾಮ, ಒತ್ತಬೇಡ. ತಾನಾಗಿ ಬೀಳಬೇಕು, ಇಲ್ಲಾಂದ್ರೆ ಇನ್ನೂ ಸರಿಯಾಗಿಲ್ಲ ಅಂತ" ಅಂದ. ಮೂರನೆಯ ಸಲ ಪ್ರೊಸೆಸರ್ ತನ್ನ ಭಾರಕ್ಕೇ ಸಾಕೆಟ್ಟಿನೊಳಗೆ ಇಳಿಯಿತು. ಕಂಪ್ಯೂಟರ್ ಆನ್ ಆಯಿತು. ಆ ಹುಡುಗನ ಕೈಗೆ ಮುತ್ತಿಡಬೇಕೆನಿಸಿತು.

ಬಯೋಸ್ ಹಾಕುವಾಗ ಕರೆಂಟು ಹೋದರೆ ಬೋರ್ಡೇ ಹೋಗಬಹುದು. ಯುಪಿಎಸ್ ಪೂರ್ತಿ ಚಾರ್ಜ್ ಆಗಿದೆಯೆಂದು ನೋಡಿಕೊಂಡು ಕೂತೆವು. ನನ್ನ ಬೋರ್ಡಿಗೆ ನೇರವಾಗಿ ಕೊನೆಯ ಆವೃತ್ತಿ ಹಾಕುವಂತಿರಲಿಲ್ಲ, ನಡುವಿನದೊಂದನ್ನು ಮೊದಲು ಹಾಕಬೇಕಿತ್ತು. ಇದನ್ನು ಬೋರ್ಡ್ ಕಂಪನಿ ತನ್ನ ಪುಟದಲ್ಲಿ ಒಂದೇ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ ಬರೆದಿತ್ತು. ಇಂಥ ಮಾತನ್ನು ಎಲ್ಲಕ್ಕಿಂತ ಮೇಲೆ, ದೊಡ್ಡದಾಗಿ ಹಾಕಬೇಕಲ್ಲವೇ?

ಅಪ್‌ಡೇಟ್ ಮುಗಿದ ಮೇಲೆ ವಿಂಡೋಸ್ ಕಾಣೆ! ಡಿಸ್ಕ್ ಹಾಳಾಯಿತೆಂದು ಗಾಬರಿಯಾದೆ. ನಡೆದದ್ದು ಇಷ್ಟೇ: ಹೊಸ ಬಯೋಸ್ ಎಲ್ಲ ಸೆಟ್ಟಿಂಗ್‌ಗಳನ್ನೂ ಕಾರ್ಖಾನೆಯಿಂದ ಬಂದಂತೆ ಮಾಡಿ, ಹಳೆಯ ರೀತಿಯಲ್ಲಿ ಬೂಟ್ ಆಗಲು ಬಿಡುವ ಸಿಎಸ್‌ಎಂ ಎಂಬ ಆಯ್ಕೆಯನ್ನು ಆಫ್ ಮಾಡಿತ್ತು. ನನ್ನ ವಿಂಡೋಸ್ 10 ಹಳೆಯ ಎಂಬಿಆರ್ ರೀತಿಯ ಡಿಸ್ಕಿನಲ್ಲಿದ್ದುದರಿಂದ ಸಿಎಸ್‌ಎಂ ಇಲ್ಲದೆ ಬೂಟ್ ಆಗುವುದಿಲ್ಲ. ಅದನ್ನು ಆನ್ ಮಾಡಿದೊಡನೆ ಎಲ್ಲವೂ ಇದ್ದಲ್ಲೇ ಇತ್ತು. ಮುಂದೆ ವಿಂಡೋಸ್ 11ಕ್ಕೆ ಹೋಗುವಾಗ, ವಿಂಡೋಸ್ ಒಳಗೇ ಇರುವ ಎಂಬಿಆರ್2ಜಿಪಿಟಿ ಉಪಕರಣದಿಂದ ಅದೇ ಡಿಸ್ಕನ್ನು ಹೊಸ ಜಿಪಿಟಿ ರೀತಿಗೆ ಬದಲಿಸಿಕೊಂಡೆ. ಫೈಲು ಒಂದೂ ಹೋಗಲಿಲ್ಲ. ಆದರೂ ಬ್ಯಾಕಪ್ ತೆಗೆದಿಟ್ಟೇ ಮಾಡಿದೆ.

ಆಮೇಲೆ 5700ಎಕ್ಸ್ ಕೂರಿಸಿದಾಗ ಎಫ್‌ಟಿಪಿಎಂ (ಭದ್ರತೆಯ ಕೀಗಳನ್ನು ಇಟ್ಟುಕೊಳ್ಳುವ ಭಾಗ) ಬದಲಾಗಿದೆ, ವೈ ಒತ್ತುತ್ತೀರೋ ಎನ್ ಒತ್ತುತ್ತೀರೋ ಎಂಬ ಪ್ರಶ್ನೆ ಬಂತು. ಇಲ್ಲಿ ಒಂದು ನಿಮಿಷ ನಿಲ್ಲಿ. ನಿಮ್ಮ ಡ್ರೈವ್ ಬಿಟ್‌ಲಾಕರ್‌ನಿಂದ ಲಾಕ್ ಆಗಿದ್ದರೆ, ವೈ ಒತ್ತಿದ ಮೇಲೆ ರಿಕವರಿ ಕೀ ಇಲ್ಲದೆ ಒಳಗೆ ಹೋಗಲಾಗದು. ಪ್ರೊಸೆಸರ್ ಬಿಚ್ಚುವ ಮೊದಲೇ ಆ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ನನ್ನಲ್ಲಿ ಲಾಕ್ ಇರಲಿಲ್ಲ, ವೈ ಒತ್ತಿದೆ.

ಇಷ್ಟರಲ್ಲಿ ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ನಿಜವಾದ ಕಾಟ ಆಮೇಲೆ ಶುರುವಾಯಿತು. ಎಕ್ಸ್‌ಪೋರ್ಟ್ ಹಾಕಿ ಊಟಕ್ಕೆ ಹೋದರೆ, ಬರುವಷ್ಟರಲ್ಲಿ ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗಿ ಕೂತಿರುತ್ತಿತ್ತು. ನೀಲಿ ಪರದೆ ಇಲ್ಲ, ಸೂಚನೆ ಇಲ್ಲ. ವಿಂಡೋಸಿನ ದೋಷಗಳ ದಾಖಲೆಯಾದ ಈವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯುಎಚ್‌ಇಎ ಲಾಗರ್ (ಹಾರ್ಡ್‌ವೇರ್ ದೋಷ ಬರೆದಿಡುವುದು), ಈವೆಂಟ್ 18, ಪ್ರೊಸೆಸರ್ ಕೋರ್, ಕ್ಯಾಶ್ ಹೈರಾರ್ಕಿ ಎರರ್. ಅದನ್ನು ಓದಿದ ಯಾರಾದರೂ ಪ್ರೊಸೆಸರೇ ಕೆಟ್ಟಿದೆ ಅನ್ನುತ್ತಾರೆ. ಅಂಗಡಿಯವರೂ ಫೋನಿನಲ್ಲಿ ಅದನ್ನೇ ಹೇಳಿದರು: "ಸರ್, ಕಳಿಸಿಬಿಡಿ, ವಾರಂಟಿಗೆ ಹಾಕ್ತೀವಿ." ಡಬ್ಬಿಯಲ್ಲಿ ಹಾಕಿ ಕಳಿಸಲು ಸಿದ್ಧನಾಗಿದ್ದೆ.

ಹುಡುಗ ತಡೆದ. "ಮಾಮ, ಪ್ರೊಸೆಸರ್ ಒಂದೇ ಬದಲಾಗಿಲ್ಲ, ರ‍್ಯಾಮೂ ಬದಲಾಗಿದೆ. ಒಂದೊಂದಾಗಿ ನೋಡೋಣ."

ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶವನ್ನು ಪೆನ್ ಡ್ರೈವಿಗೆ ಹಾಕಿ, ಒಂದು ರಾತ್ರಿ ಹಳೆಯ ಎರಡು ಸ್ಟಿಕ್ ಮಾತ್ರ ಪರೀಕ್ಷಿಸಿದೆವು. ತಪ್ಪಿಲ್ಲ. ಮರುದಿನ ಹೊಸ ಎರಡು. ತಪ್ಪಿಲ್ಲ. ನಾಲ್ಕನ್ನೂ ಒಟ್ಟಿಗೆ ಹಾಕಿದ ರಾತ್ರಿ ಎರಡನೆಯ ಸುತ್ತಿನಲ್ಲೇ ಪರದೆ ತುಂಬ ಕೆಂಪು ಸಾಲು. ಸ್ಟಿಕ್ ಮೇಲೆ ಬರೆದ ವೇಗಕ್ಕೆ ಅದನ್ನು ಓಡಿಸುವ ಎಕ್ಸ್‌ಎಂಪಿ ಎಂಬ ಸೆಟ್ಟಿಂಗ್ ನಾನು ಆನ್ ಮಾಡಿದಾಗ ಬೋರ್ಡು ಹೊಸ ಸ್ಟಿಕ್‌ಗಳ ಪ್ರೊಫೈಲನ್ನೇ ಓದಿ, 3000ದ ಹಳೆಯವನ್ನೂ 3200ಕ್ಕೆ ಓಡಿಸಿತ್ತು. ನಾಲ್ಕು ಸ್ಟಿಕ್ ಇದ್ದಾಗ ಮೆಮೊರಿ ಕಂಟ್ರೋಲರಿನ ಮೇಲೆ ಭಾರ ಹೆಚ್ಚು, ಆ ಕಂಟ್ರೋಲರ್ ಇರುವುದೂ ಪ್ರೊಸೆಸರಿನ ಒಳಗೇ. ಹಾಗಾಗಿ ರ‍್ಯಾಮಿನ ತೊಂದರೆ ಪ್ರೊಸೆಸರಿನ ಹೆಸರಿನಲ್ಲಿ ದಾಖಲಾಗಬಹುದು. ವೇಗವನ್ನು 2933ಕ್ಕೆ ಇಳಿಸಿದೆವು. ನಾಲ್ಕು ಸುತ್ತೂ ಸ್ವಚ್ಛ. ಕೆಲಸದ ನಡುವಿನ ರೀಸ್ಟಾರ್ಟ್ ಅಂದೇ ನಿಂತಿತು.

ಆದರೆ ಇನ್ನೊಂದು ಉಳಿಯಿತು. ಏನೂ ಕೆಲಸವಿಲ್ಲದೆ ಸುಮ್ಮನೆ ಆನ್ ಇದ್ದಾಗ, ವಾರಕ್ಕೆ ಒಂದೆರಡು ಸಲ ರೀಸ್ಟಾರ್ಟ್. ಬಿಡುವಿದ್ದಾಗ ಪ್ರೊಸೆಸರ್ ಎಳೆಯುವ ಕರೆಂಟು ತೀರಾ ಕಡಿಮೆಯಾಗುತ್ತದೆ, ಕೆಲವು ಹಳೆಯ ಎಸ್‌ಎಂಪಿಎಸ್‌ಗಳು (ಕಂಪ್ಯೂಟರಿಗೆ ಕರೆಂಟು ಕೊಡುವ ಪವರ್ ಸಪ್ಲೈಗಳು) ಅಷ್ಟು ಕಡಿಮೆಯಲ್ಲಿ ಸ್ಥಿರವಾಗಿರುವುದಿಲ್ಲ. ಬಯೋಸಿನ ಎಎಂಡಿ ಸಿಬಿಎಸ್ ವಿಭಾಗದಲ್ಲಿ ಪವರ್ ಸಪ್ಲೈ ಐಡಲ್ ಕಂಟ್ರೋಲ್ ಎಂದಿದೆ. ಅದನ್ನು ಟಿಪಿಕಲ್ ಕರೆಂಟ್ ಐಡಲ್‌ಗೆ ಇಟ್ಟೆ. ಅಲ್ಲಿಂದ ಇಲ್ಲಿಯವರೆಗೆ ಒಮ್ಮೆಯೂ ತಾನಾಗಿ ರೀಸ್ಟಾರ್ಟ್ ಆಗಿಲ್ಲ. ಕಳಿಸಲು ಹೊರಟಿದ್ದ ಪ್ರೊಸೆಸರ್ ಪೂರ್ತಿ ಆರೋಗ್ಯವಾಗಿತ್ತು. ಇಷ್ಟು ಉದ್ದ ಬರೆಯುತ್ತಿರುವುದೇ ಈ ಮಾತಿಗಾಗಿ.

ಶೆಖೆಯ ವಿಷಯ ಬಳ್ಳಾರಿಯವರಿಗೆ ಹೇಳಬೇಕಿಲ್ಲ. ಮೊದಲ ಎಂಟು ತಿಂಗಳು 2600ರ ಜೊತೆ ಬಂದಿದ್ದ ರೈತ್ ಸ್ಟೆಲ್ತ್ ಕೂಲರಿನಲ್ಲೇ ನಡೆಸಿದೆ. ಚಳಿಗಾಲದಲ್ಲಿ ನಡೆಯಿತು. 2024ರ ಏಪ್ರಿಲ್‌ನಲ್ಲಿ ಎಕ್ಸ್‌ಪೋರ್ಟ್ ಹಾಕಿದರೆ ತಾಪ 90 ಡಿಗ್ರಿ ಮುಟ್ಟುತ್ತಿತ್ತು. ಈ ಚಿಪ್ಪಿನ ಮಿತಿಯೇ 90, ಅಲ್ಲಿ ಅದು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಎರಡು ಸಾವಿರ ರೂಪಾಯಿಯ ಟವರ್ ಕೂಲರ್ ಹಾಕಿದ ಮೇಲೆ ಮೇ ತಿಂಗಳ ಮಧ್ಯಾಹ್ನದಲ್ಲೂ 78 ದಾಟಿದ್ದು ನೋಡಿಲ್ಲ. ಕೂಲರಿನ ಹಣವನ್ನು ಮೊದಲ ದಿನವೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಕೆಲಸದಲ್ಲಿ? ಒಂದೂವರೆ ಗಂಟೆಯ ಮದುವೆ ವಿಡಿಯೊ ಪ್ರೊಸೆಸರಿನಲ್ಲೇ ಎಕ್ಸ್‌ಪೋರ್ಟ್ ಮಾಡಲು ಮೊದಲು ಒಂದು ಗಂಟೆ ನಲವತ್ತು ನಿಮಿಷ ಬೇಕಿತ್ತು, ಈಗ ಐವತ್ತೈದು ನಿಮಿಷ. ಅದಕ್ಕಿಂತ ನನಗೆ ಸುಖ ಕೊಟ್ಟದ್ದು ಮೂರು ಕ್ಯಾಮೆರಾದ ಟೈಮ್‌ಲೈನ್. ಧಾರೆಯ ಕ್ಷಣದಲ್ಲಿ ಯಾವ ಕೋನ ಬೇಕೆಂದು ಈಗ ತಡವರಿಕೆಯಿಲ್ಲದೆ ನೋಡಿ ಆರಿಸುತ್ತೇನೆ. ಗ್ರಾಫಿಕ್ಸ್ ಕಾರ್ಡು ಬೋರ್ಡಿನೊಡನೆ ಮಾತಾಡುವ ದಾರಿಯ ಹೊಸ ಪೀಳಿಗೆ, ಪಿಸಿಐಇ 4.0, ಬಿ450ಯಲ್ಲಿ ಸಿಗುವುದಿಲ್ಲ, ಆದರೆ ನನ್ನ ಕಾರ್ಡೂ 3.0, ನಷ್ಟವೇನೂ ಆಗಲಿಲ್ಲ. ಆರ್‌ಎಕ್ಸ್ 6500 ಎಕ್ಸ್‌ಟಿಯಂಥ ನಾಲ್ಕೇ ಲೇನ್‌ಗಳ ಕಾರ್ಡು ಇಟ್ಟುಕೊಂಡವರಿಗೆ ಮಾತ್ರ ಇದು ನಿಜವಾದ ಕೊರತೆ.

ಕಳೆದ ವರ್ಷ ನಾಲ್ಕೂ ಸ್ಟಿಕ್ ತೆಗೆದು, ಒಂದೇ ಡಬ್ಬಿಯಲ್ಲಿ ಜೋಡಿಯಾಗಿ ಬರುವ 16 ಜಿಬಿಯ ಎರಡು ಹಾಕಿದೆ. ಅವು 3200ರಲ್ಲಿ ಒಂದು ದಿನವೂ ತೊಂದರೆ ಕೊಟ್ಟಿಲ್ಲ. ಪೂರ್ತಿ ಹೊಸ ಕಂಪ್ಯೂಟರ್ ಜೋಡಿಸುವವರಿಗೆ ನಾನು ಎಎಂ4ರ ನಂತರದ ಸಾಕೆಟ್ ಆದ ಎಎಂ5 ತೆಗೆದುಕೊಳ್ಳಿ ಅನ್ನುತ್ತೇನೆ. ಕೈಯಲ್ಲಿ ಒಳ್ಳೆಯ ಬಿ450 ಬೋರ್ಡು ಇದ್ದು 2600 ಓಡಿಸುತ್ತಿರುವವರು ಇದನ್ನು ಧೈರ್ಯವಾಗಿ ಕೊಳ್ಳಿ, ಮೊದಲು ಬಯೋಸ್ ಹಾಕಿಕೊಂಡು. ಪಿನ್ ನೆಟ್ಟಗಾದ ಆ ಹಳೆಯ 2600 ಈಗ ಕೌಂಟರಿನ ಕಂಪ್ಯೂಟರಿನಲ್ಲಿದೆ. ಹಳೆಯ ರ‍್ಯಾಮ್ ಸ್ಟಿಕ್‌ಗಳ ಜೊತೆ ಪಾಸ್‌ಪೋರ್ಟ್ ಫೋಟೊ ಪ್ರಿಂಟ್ ಹಾಕುತ್ತಿದೆ.